ದುಖಾನ್ ಮತ್ತು ಕುಂದಾಪುರದ ನಡುವೆ: ಸಣ್ಣ ಊರಿನ ಪ್ರೇಮಮಾಲಿಕೆಗೆ ಕತಾರ್ ಒಡ್ಡುವ ಪ್ರಶ್ನೆ

ಸಣ್ಣ ಊರಿನ ಪ್ರೇಮಮಾಲಿಕೆ ಎಂದು ಕರೆಯಬಹುದಾದ ಕಾದಂಬರಿ ಪ್ರಕಾರದ ಕಟ್ಟುಪಾಡು ಸರಳವಾದುದು: ಪ್ರತಿ ಪುಸ್ತಕದಲ್ಲೂ ಒಂದು ಹೊಸ ಜೋಡಿ ಬರುತ್ತದೆ, ಅವರ ಪ್ರೀತಿ ಅಡೆತಡೆಗಳನ್ನು ದಾಟಿ ಒಂದು ನೆಲೆ ಮುಟ್ಟುತ್ತದೆ, ಊರು ಮಾತ್ರ ಇದ್ದಲ್ಲಿಯೇ ಇರುತ್ತದೆ. ಮೊದಲ ಪುಸ್ತಕದ ನಾಯಕಿ ಮೂರನೆಯದರಲ್ಲಿ ಪಕ್ಕದ ಮನೆಯವಳಾಗಿ ಕಾಣಿಸಿಕೊಳ್ಳುತ್ತಾಳೆ, ಅಂಗಡಿಯ ಮುದುಕ ಎಲ್ಲ ಪುಸ್ತಕಗಳಲ್ಲೂ ಅದೇ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿರುತ್ತಾನೆ. ಅಮೆರಿಕದಲ್ಲಿ ಡೆಬಿ ಮಕೋಂಬರ್ 2001ರಲ್ಲಿ ಆರಂಭಿಸಿದ ಸೀಡರ್ ಕೋವ್ ಮಾಲಿಕೆ ಮತ್ತು ರಾಬಿನ್ ಕಾರ್ 2007ರಲ್ಲಿ ಆರಂಭಿಸಿದ ವರ್ಜಿನ್ ರಿವರ್ ಮಾಲಿಕೆ ಇದರ ಪ್ರಸಿದ್ಧ ಮಾದರಿಗಳಾಗಿದ್ದು, ಎರಡನೆಯದು 2019ರಿಂದ ನೆಟ್‌ಫ್ಲಿಕ್ಸ್ ಧಾರಾವಾಹಿಯಾಗಿಯೂ ಹರಡಿತು. ಇಂಥ ಕಥೆಗಳಲ್ಲಿ ಪ್ರೀತಿಯ ಅಡಿಯಲ್ಲಿ ಸಣ್ಣದೊಂದು ಗುಟ್ಟು ಹರಿಯುವುದುಂಟು. ಹಳೆಯ ಸಾವೊಂದರ ಸಂಶಯವೋ, ಕಾಣೆಯಾದ ಪತ್ರವೋ, ಊರಿಗೆ ಹೊಸದಾಗಿ ಬಂದವನ ನಿಜವಾದ ಗುರುತೋ ಓದುಗರನ್ನು ಮುಂದಿನ ಪುಟಕ್ಕೆ ಎಳೆಯುತ್ತದೆ. ಇದನ್ನೆಲ್ಲ ಹೊತ್ತು ನಡೆಸುವುದು ಜೋಡಿಯಲ್ಲ, ಊರು; ಊರಿಗೆ ನೆನಪಿದ್ದರೆ ಮಾತ್ರ ಮಾಲಿಕೆ ಮಾಲಿಕೆಯಾಗುತ್ತದೆ, ಇಲ್ಲದಿದ್ದರೆ ಅದು ಒಂದೇ ರಟ್ಟಿನೊಳಗೆ ಕಟ್ಟಿದ ಬಿಡಿ ಕಥೆಗಳ ಗುಂಪಾಗಿ ಉಳಿಯುತ್ತದೆ.

ಕನ್ನಡಕ್ಕೆ ಈ ಪ್ರಕಾರದ ಹೆಸರು ಹೊಸತಾದರೂ ಸಾಮಗ್ರಿ ಹೊಸತಲ್ಲ. 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಮಣಿಪಾಲದಿಂದ ಹೊರಟ ‘ತರಂಗ’ ಮುಂತಾದ ವಾರಪತ್ರಿಕೆಗಳು ವಾರಕ್ಕೊಂದು ಕಂತಿನ ಧಾರಾವಾಹಿಗಳ ಮೂಲಕ, ಕಂತಿನ ಕೊನೆಯಲ್ಲಿ ಓದುಗರನ್ನು ಏಳು ದಿನ ತುದಿಗಾಲಲ್ಲಿ ನಿಲ್ಲಿಸುವ ಕಲೆಯನ್ನು ಎರಡು ತಲೆಮಾರಿನ ಲೇಖಕರಿಗೆ, ಅದರಲ್ಲೂ ಲೇಖಕಿಯರಿಗೆ, ಕಲಿಸಿದವು. ಎಂ.ಕೆ. ಇಂದಿರಾ ಅವರ ‘ತುಂಗಭದ್ರಾ’ದಲ್ಲಿ ಮಲೆನಾಡಿನ ಊರುಮನೆಗಳ ನಡೆನುಡಿಯೇ ಕಥೆಯ ಅರ್ಧ ಭಾರವನ್ನು ಹೊರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವಂತೂ ಈ ಪ್ರಕಾರದ ಎಲ್ಲ ಅಂಗಗಳನ್ನೂ ಹೊಂದಿದೆ: ಕೆಸರೂರು ಎಂಬ ಸಣ್ಣ ಊರು, ಏಲಕ್ಕಿಯ ವಿಜ್ಞಾನಿಯೊಬ್ಬರ ಸಾವಿನ ಗುಟ್ಟು ಬಿಡಿಸಲು ಬಂದ ಅಧಿಕಾರಿ, ಊರಿನ ಕಣ್ಣುಗಳ ನಡುವೆ ರಫಿ ಮತ್ತು ಜಯಂತಿಯರ ಪ್ರೀತಿ. ‘ಜುಗಾರಿ ಕ್ರಾಸ್’ನಲ್ಲಿಯೂ ಗಂಡಹೆಂಡಿರ ಒಂದು ದಿನದ ವಹಿವಾಟು ಮಲೆನಾಡಿನ ಕಳ್ಳದಂಧೆಯ ಜಾಲಕ್ಕೆ ಸಿಲುಕುತ್ತದೆ. ಈ ಎರಡೂ ಕೃತಿಗಳಿಂದ ಕಲಿಯಬೇಕಾದುದು ಒಂದಿದೆ. ಅಲ್ಲಿನ ನಿಗೂಢತೆ ಹೊರಗಿನಿಂದ ತಂದು ಸೇರಿಸಿದ್ದಲ್ಲ. ಏಲಕ್ಕಿ ಬೆಳೆಯುವ, ಒಣಗಿಸುವ, ಮಾರುವ ವ್ಯವಹಾರದ ಒಳಗಿನಿಂದಲೇ ಅದು ಹುಟ್ಟುತ್ತದೆ. ಏಲಕ್ಕಿಯನ್ನು ಕಥೆಯಿಂದ ತೆಗೆದರೆ ಅಪರಾಧಕ್ಕೂ ಜಾಗವಿರುವುದಿಲ್ಲ.

ಈ ಅಳತೆಗೋಲನ್ನು ಹಿಡಿದು ಕತಾರಿನತ್ತ ನೋಡಿದರೆ ಪ್ರಶ್ನೆ ಕುತೂಹಲಕರವಾಗುತ್ತದೆ. ಕರಾವಳಿಯಿಂದ, ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಕಾಸರಗೋಡುಗಳಿಂದ, ಹಾಗೂ ಬಯಲುಸೀಮೆಯಿಂದಲೂ ಅಲ್ಲಿಗೆ ಹೋದವರು ಬಹಳ. ದೋಹಾದಲ್ಲಿ ಕರ್ನಾಟಕ ಸಂಘವಿದೆ, ನವೆಂಬರಿನಲ್ಲಿ ರಾಜ್ಯೋತ್ಸವ ನಡೆಯುತ್ತದೆ. ಆದರೆ ದೋಹಾ ಸಣ್ಣ ಊರಲ್ಲ. ಸಣ್ಣ ಊರುಗಳನ್ನು ಹುಡುಕುವವರು ಅದರ ಹೊರಗೆ ಹೋಗಬೇಕು. ಪಶ್ಚಿಮ ಕರಾವಳಿಯ ದುಖಾನ್ ಎಣ್ಣೆಯಿಂದಲೇ ಹುಟ್ಟಿದ ಊರು: 1938ರಲ್ಲಿ ಅಲ್ಲಿ ದೇಶದ ಮೊದಲ ಬಾವಿಯನ್ನು ಕೊರೆಯತೊಡಗಿದರು, ಎಣ್ಣೆ ಸಿಕ್ಕಿದರೂ ಮಹಾಯುದ್ಧದ ಕಾರಣ 1942ರಲ್ಲಿ ಬಾವಿಗಳನ್ನು ಮುಚ್ಚಿದರು, ಕೊನೆಗೆ 1949ರ ಡಿಸೆಂಬರ್ ಅಂತ್ಯದಲ್ಲಿ ಆ ಎಣ್ಣೆ ಪರ್ಯಾಯ ದ್ವೀಪವನ್ನು ಅಡ್ಡಹಾದು ಇಂದು ಮೆಸಯೀದ್ ಎನಿಸಿಕೊಂಡಿರುವ ಉಮ್ಮ್ ಸಯೀದ್ ಬಂದರಿನಿಂದ ಹಡಗು ಏರಿತು. ದೋಹಾದಿಂದ ಸುಮಾರು 50 ಕಿಲೋಮೀಟರ್ ಉತ್ತರಕ್ಕಿರುವ ಅಲ್ ಖೋರ್ ಇದಕ್ಕಿಂತ ಬಹಳ ಹಳೆಯದು. ಮುತ್ತು ತೆಗೆಯುವವರ ಮತ್ತು ಮೀನುಗಾರರ ಊರಾಗಿದ್ದ ಅದರ ಪಕ್ಕದಲ್ಲಿ, ರಾಸ್ ಲಫ್ಫಾನಿನ ಅನಿಲ ಉದ್ಯಮ ಬೆಳೆದ ಮೇಲೆ, ಆ ಕಂಪನಿಗಳ ನೌಕರರಿಗಾಗಿ ಬೇಲಿ ಹಾಕಿದ ವಸಾಹತು ಬಂತು.

ಇಂಥ ಟೌನ್‌ಶಿಪ್‌ಗಳು ಮೇಲುನೋಟಕ್ಕೆ ಈ ಪ್ರಕಾರಕ್ಕೆಂದೇ ಕಟ್ಟಿದಂತಿವೆ. ಗೇಟಿನಲ್ಲಿ ಪಾಸು ತೋರಿಸಿ ಒಳಗೆ ಬರಬೇಕು. ಕ್ಲಬ್ಬು, ಶಾಲಾ ಬಸ್ಸು, ಸಂಜೆಯ ನಡಿಗೆಯ ದಾರಿ ಎಲ್ಲರಿಗೂ ಒಂದೇ. ಯಾರ ಕಾರು ಯಾರ ಮನೆಯ ಮುಂದೆ ಎಷ್ಟು ಹೊತ್ತು ನಿಂತಿತ್ತೆಂಬುದು ಮರುದಿನದ ಹೊತ್ತಿಗೆ ನಾಲ್ಕು ಅಡುಗೆಮನೆಗಳಿಗೆ ಗೊತ್ತಿರುತ್ತದೆ. ಶುಕ್ರವಾರ ಬೆಳಗ್ಗೆ ನೀರುದೋಸೆ ಮಾಡಿದ ಮನೆಯಿಂದ ಇನ್ನೆರಡು ಮನೆಗಳಿಗೆ ಡಬ್ಬಿ ಹೋಗುತ್ತದೆ, ಡಬ್ಬಿ ಯಾರ ಮನೆಗೆ ಹೋಗಲಿಲ್ಲವೆಂಬುದೂ ಒಂದು ಸುದ್ದಿಯಾಗುತ್ತದೆ. ವರ್ಜಿನ್ ರಿವರ್ ಅನ್ನು ಹಾಗೆಯೇ ಎತ್ತಿ ಮರಳುಗಾಡಿನಲ್ಲಿ ಇಟ್ಟರೆ ಸಾಕೆಂದು ಲೇಖಕರಿಗೆ ತೋರಿದರೆ ಆಶ್ಚರ್ಯವಿಲ್ಲ.

ಹಾಗೆ ಮಾಡಿದರೆ ಮಾಲಿಕೆ ಎರಡನೆಯ ಪುಸ್ತಕದಲ್ಲಿಯೇ ಕುಸಿಯುತ್ತದೆ, ಏಕೆಂದರೆ ಈ ಊರುಗಳಿಗೆ ವಲಸಿಗರ ಮಟ್ಟಿಗೆ ನೆನಪಿಲ್ಲ. ವಾಸದ ಪರವಾನಗಿ ನೌಕರಿಗೆ ಅಂಟಿಕೊಂಡಿರುತ್ತದೆ. ನೌಕರಿ ಮುಗಿದವರು ಮನೆ ಖಾಲಿ ಮಾಡಿ, ಸೋಫಾವನ್ನೂ ಫ್ರಿಜ್ಜನ್ನೂ ಮಾರಿ, ಹೊರಡಬೇಕು. ಅಲ್ಲಿ ಕನ್ನಡದ ಮುದುಕರು ಕಾಣಸಿಗುವುದು ಭೇಟಿ ವೀಸಾದ ಮೇಲೆ ಮಗನ ಮನೆಗೆ ಬಂದಾಗ ಮಾತ್ರ. ಇಪ್ಪತ್ತು ವರ್ಷಗಳ ಹಿಂದೆ ಇದೇ ಬೀದಿಯಲ್ಲಿ ಏನಾಯಿತೆಂದು ಹೇಳಬಲ್ಲ ಅಂಗಡಿಯ ಮುದುಕನೂ, ಊರಿನ ಎಲ್ಲ ಹೆರಿಗೆಗಳನ್ನು ಕಂಡ ಸೂಲಗಿತ್ತಿಯೂ ಆ ಬೇಲಿಯ ಒಳಗೆ ಇರಲಾರರು. ಹಳೆಯ ಗುಟ್ಟು ಉಳಿಯಬೇಕಾದರೆ ಅದನ್ನು ಬಚ್ಚಿಟ್ಟವರೂ ಅದನ್ನು ಶಂಕಿಸಿದವರೂ ಒಂದೇ ಊರಲ್ಲಿ ಮುದುಕರಾಗಬೇಕು. ಅಲ್ ಖೋರ್‌ನ ಹಳೆಯ ಕತಾರಿ ಮನೆತನಗಳಿಗೆ ನೆನಪಿದೆ, ಆಳವಾದ ನೆನಪಿದೆ. ಮುತ್ತಿನ ವ್ಯಾಪಾರ ಮುಂಬೈಯನ್ನು ನಂಬಿದ್ದ ಕಾಲ, 1930ರ ದಶಕದಲ್ಲಿ ಜಪಾನಿನ ಸಾಕಿದ ಮುತ್ತು ಮತ್ತು ಜಾಗತಿಕ ಮುಗ್ಗಟ್ಟು ಸೇರಿ ಆ ವ್ಯಾಪಾರ ನೆಲಕಚ್ಚಿದ ಕಾಲ, 1966ರವರೆಗೂ ಕೈಯಿಂದ ಕೈಗೆ ಓಡಾಡಿದ ರೂಪಾಯಿ, ಇವೆಲ್ಲ ಅವರ ಮನೆಮಾತುಗಳಾಗಿರಬಹುದು. ಆದರೆ ಆ ಮಜ್ಲಿಸ್‌ಗಳ, ಎಂದರೆ ಅತಿಥಿಗಳನ್ನು ಕೂರಿಸುವ ಹಜಾರಗಳ, ಒಳಗೆ ಕನ್ನಡದ ಎಂಜಿನಿಯರನೋ ನರ್ಸೋ ಸಲೀಸಾಗಿ ಹೊಕ್ಕು ಹೊರಡುತ್ತಾರೆಂದು ಬರೆದರೆ, ಗಲ್ಫಿನಲ್ಲಿ ಒಂದು ವರ್ಷ ಕಳೆದ ಓದುಗರೂ ಪುಸ್ತಕವನ್ನು ಮುಚ್ಚಿಡುತ್ತಾರೆ.

ಹಾಗಿದ್ದರೆ ನೆನಪಿರುವುದು ಎಲ್ಲಿ? ಬಿಟ್ಟುಬಂದ ಊರಿನಲ್ಲಿ. ಕತಾರಿನ ಕನ್ನಡ ಪ್ರೇಮಮಾಲಿಕೆ ಒಂದು ಊರಿನದಾಗಲಾರದು, ಜೋಡಿ ಊರುಗಳದ್ದಾಗಬೇಕು ಎಂಬುದೇ ಈ ಲೇಖನದ ವಾದ. ದುಖಾನಿನಂಥ ಒಂದು ಟೌನ್‌ಶಿಪ್ ಮತ್ತು ಕುಂದಾಪುರದಂಥ ಒಂದು ಊರು, ಎರಡೂವರೆ ಗಂಟೆಯ ಕಾಲವ್ಯತ್ಯಾಸ, ನಡುವೆ ಓಡಾಡುವ ಹಣ, ಪೊಟ್ಟಣ, ಧ್ವನಿ ಸಂದೇಶ ಮತ್ತು ಸುಳ್ಳು. ಇಷ್ಟು ಸೇರಿದಾಗ ಮಾತ್ರ ಈ ಪ್ರಕಾರಕ್ಕೆ ಬೇಕಾದ ‘ಊರು’ ಪೂರ್ತಿಯಾಗುತ್ತದೆ. ಇದಕ್ಕೆ ಕನ್ನಡದಲ್ಲಿಯೇ ಹಿರಿಯ ಮೇಲ್ಪಂಕ್ತಿಯೊಂದಿದೆ. ಮುಂಬೈಯಲ್ಲಿ ರಾಸಾಯನಿಕ ಉದ್ಯಮದ ಅಧಿಕಾರಿಯಾಗಿ ಬಾಳಿದ ಯಶವಂತ ಚಿತ್ತಾಲರು ಬರವಣಿಗೆಯ ಉದ್ದಕ್ಕೂ ಉತ್ತರ ಕನ್ನಡದ ತಮ್ಮ ಹನೇಹಳ್ಳಿಯನ್ನು ಬಿಡಲಿಲ್ಲ. 1979ರ ‘ಶಿಕಾರಿ’ಯಲ್ಲಿ ಕಂಪನಿಯ ಅಧಿಕಾರಿ ನಾಗಪ್ಪ ಹಠಾತ್ತನೆ ಅಮಾನತಾಗುತ್ತಾನೆ, ಆರೋಪವೇನೆಂಬುದೇ ಅವನಿಗೆ ಸ್ಪಷ್ಟವಿಲ್ಲ, ಮುಂಬೈಯ ಕಚೇರಿಯ ಒಳಸಂಚಿಗೆ ಬಾಲ್ಯದ ಊರಿನ ಮುಚ್ಚಿಹೋದ ಸಂಗತಿಗಳು ಬಂದು ಹೆಣೆದುಕೊಳ್ಳುತ್ತವೆ. ನಗರ ಬೆದರಿಕೆಯನ್ನು ಒಡ್ಡುತ್ತದೆ, ಊರು ಅದಕ್ಕೆ ಅರ್ಥ ಕೊಡುತ್ತದೆ. ‘ಶಿಕಾರಿ’ ಪ್ರೇಮಕಥೆಯಲ್ಲ, ಜನಪ್ರಿಯ ಕಾದಂಬರಿಯೂ ಅಲ್ಲ; ಆದರೂ ಗಲ್ಫಿನ ಬಗ್ಗೆ ಬರೆಯುವವರು ಅಮೆರಿಕದ ಮಾಲಿಕೆಗಳನ್ನು ಹತ್ತು ಓದುವುದಕ್ಕಿಂತ ಅದನ್ನು ಒಮ್ಮೆ ನಿಧಾನವಾಗಿ ಓದುವುದು ಲೇಸು.

ಇನ್ನು ಪ್ರೀತಿಯ ಮಾತು. ಮದುವೆಯ ಹೊರಗಿನ ದೈಹಿಕ ಸಂಬಂಧ ಕತಾರಿನಲ್ಲಿ ಅಪರಾಧ. 2010ರ 15ನೇ ಕಾನೂನಿನ ಪ್ರಕಾರ ಕುಟುಂಬಗಳು ವಾಸಿಸುವ ಬಡಾವಣೆಗಳಲ್ಲಿ ಕಾರ್ಮಿಕರ ವಸತಿಗೆ ನಿಷೇಧವಿದೆ. ಹೆಂಡತಿ ಮಕ್ಕಳು ಊರಲ್ಲಿದ್ದರೂ ಅಲ್ಲಿನ ಲೆಕ್ಕದಲ್ಲಿ ‘ಬ್ಯಾಚುಲರ್’ ಎನಿಸಿಕೊಳ್ಳುವ ಗಂಡಸರು ಬೇರೆಡೆ ಇರುತ್ತಾರೆ. ಸಂಬಳ ನಿಗದಿತ ಮಟ್ಟ ಮುಟ್ಟದವರಿಗೆ ಕುಟುಂಬ ವೀಸಾ ಸಿಗುವುದಿಲ್ಲ. ಅಪರಿಚಿತರಿಬ್ಬರು ಕಾಫಿ ಅಂಗಡಿಯಲ್ಲಿ ಭೇಟಿಯಾಗಿ, ಮಳೆಯಲ್ಲಿ ಸಿಕ್ಕಿಬಿದ್ದು, ಒಂದೇ ಮನೆಯಲ್ಲಿ ರಾತ್ರಿ ಕಳೆಯುವ ಪಾಶ್ಚಾತ್ಯ ಮಾದರಿ ಇಲ್ಲಿ ನಡೆಯದು (ಮಳೆಯೂ ವರ್ಷಕ್ಕೆ ಕೆಲವೇ ದಿನ). ದೋಹಾದಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ ಮೋಹನಲಕ್ಷ್ಮಿ ರಾಜಕುಮಾರ್ ಅವರ ‘ಲವ್ ಕಮ್ಸ್ ಲೇಟರ್’ ಕಾದಂಬರಿಯಲ್ಲಿ ಕತಾರಿ ಯುವಕನೊಬ್ಬ ಭಾರತೀಯ ಮೂಲದ ಹುಡುಗಿಯೊಬ್ಬಳಿಗೆ ಮನಸೋಲಲು ಕಥೆ ಲಂಡನ್ನಿಗೆ ಹೋಗಬೇಕಾಯಿತೆಂಬುದು ಅರ್ಥಪೂರ್ಣ.

ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ಕನ್ನಡಕ್ಕೆ ಮೊದಲಿನಿಂದಲೂ ಗೊತ್ತಿದೆ. 1942ರ ‘ಮೈಸೂರ ಮಲ್ಲಿಗೆ’ಯ ಪ್ರೇಮಿಗಳು ಗಂಡಹೆಂಡಿರು; ಕನ್ನಡದ ಅತ್ಯಂತ ಜನಪ್ರಿಯ ಪ್ರೇಮಕವಿತೆಗಳ ಸಂಕಲನ ಮದುವೆಯಾದ ಮೇಲಿನ ಪ್ರೀತಿಯದ್ದು, ತವರುಮನೆಯ ಊರಿನ ಸುತ್ತ ಓಡಾಡುವಂಥದ್ದು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗ ಓದುಗರು ಕಾದು ಕುಳಿತದ್ದು ಕೂಡ, ನಾದಿರಾ ತನ್ನ ಗಂಡ ರಶೀದನನ್ನು ಮತ್ತೆ ಸೇರುತ್ತಾಳೆಯೇ ಎಂಬುದಕ್ಕೆ, ಅವರನ್ನು ಅಗಲಿಸಿದವನು ಖಳನಾಯಕನಲ್ಲ, ಹುಡುಗಿಯ ತಂದೆ. ಗಲ್ಫಿನ ದಾಂಪತ್ಯ ಈ ಪರಂಪರೆಗೆ ಹೊಸ ವಸ್ತುವನ್ನು ಕೊಡುತ್ತದೆ. ರಜೆಯಲ್ಲಿ ಬಂದ ಹುಡುಗ ಕೆಲವೇ ವಾರಗಳಲ್ಲಿ ಹೆಣ್ಣು ನೋಡಿ, ಮದುವೆಯಾಗಿ, ವಾಪಸು ಹೋಗುತ್ತಾನೆ. ಹೆಂಡತಿ ಅತ್ತೆಯ ಮನೆಯಲ್ಲಿ ಎರಡು ಮೂರು ವರ್ಷ ಫೋನಿನ ಧ್ವನಿಯೊಂದರ ಜೊತೆ ಸಂಸಾರ ಮಾಡುತ್ತಾಳೆ. ಕೊನೆಗೆ ಕುಟುಂಬ ವೀಸಾ ಆಗಿ ದೋಹಾದ ವಿಮಾನ ನಿಲ್ದಾಣದಲ್ಲಿ ಇಳಿದಾಗ ಇಬ್ಬರೂ ಕಾನೂನಿನ ಪ್ರಕಾರ ದಂಪತಿ, ನಿಜದಲ್ಲಿ ಅಪರಿಚಿತರು. ಅವನು ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಾನೆಂಬುದು ಅವಳಿಗೆ ಗೊತ್ತಿಲ್ಲ, ಅವನ ಮೂವರು ರೂಮ್‌ಮೇಟುಗಳಿಗೆ ಗೊತ್ತಿದೆ. ಪರಸ್ಪರ ಪರಿಚಯ, ಸಂಕೋಚ, ಮೊದಲ ಜಗಳ, ಮೊದಲ ನಗು ಎಂಬ ಪ್ರೇಮಕಥೆಯ ಮೆಟ್ಟಿಲುಗಳೆಲ್ಲ ಇಲ್ಲಿ ಮದುವೆಯ ನಂತರ ಬರುತ್ತವೆ. ಸುಖಾಂತ್ಯವೆಂದರೆ ಮದುವೆ ಎಂದುಕೊಂಡಿರುವ ಪ್ರಕಾರವೊಂದಕ್ಕೆ, ಮದುವೆ ಮೊದಲ ಅಧ್ಯಾಯದಲ್ಲಿಯೇ ಮುಗಿದಿರುವ ಕಥೆ ಒಳ್ಳೆಯ ಸವಾಲು.

ಗುಟ್ಟಿನ ಎಳೆಯ ವಿಚಾರಕ್ಕೆ ಬಂದರೆ, ಮೊದಲು ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಓದುಗರಿಗೂ ಪಾತ್ರಕ್ಕೂ ಗೊತ್ತಿಲ್ಲದುದು ಥಟ್ಟನೆ ಬಯಲಾದರೆ ಅದು ಬೆರಗು; ಪಾತ್ರಕ್ಕೆ ಗೊತ್ತಿಲ್ಲದ ಅಪಾಯ ಓದುಗರಿಗೆ ಮೊದಲೇ ಗೊತ್ತಿದ್ದು, ಅದು ಬಂದೆರಗುವ ಗಳಿಗೆಗೆ ಅವರು ಉಸಿರು ಹಿಡಿದು ಕಾಯುವಂತಾದರೆ ಅದು ಕಾತರ. ಆಲ್ಫ್ರೆಡ್ ಹಿಚ್‌ಕಾಕ್ ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ಈ ವ್ಯತ್ಯಾಸವನ್ನು ವಿವರಿಸಿದ್ದು ಪ್ರಸಿದ್ಧ. ಜೋಡಿ ಊರುಗಳ ಕಥೆ ಕಾತರಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಪ್ರತಿ ಊರಿಗೂ ಸತ್ಯದ ಅರ್ಧ ಮಾತ್ರ ಗೊತ್ತಿರುತ್ತದೆ, ಎರಡೂ ಅರ್ಧಗಳು ಓದುಗರ ಕೈಯಲ್ಲಿರುತ್ತವೆ. ಉದಾಹರಣೆಗೆ, ಕತಾರಿನಲ್ಲಿ ಹಣವಿಲ್ಲದ ಚೆಕ್ಕು ಕೊಡುವುದು ಜೈಲುಶಿಕ್ಷೆಗೆ ಗುರಿಪಡಿಸಬಹುದಾದ ಅಪರಾಧ, ಪ್ರಕರಣ ಮುಗಿಯುವವರೆಗೆ ದೇಶ ಬಿಡದಂತೆ ತಡೆಯೂ ಬೀಳಬಹುದು. ಗೆಳೆಯನ ಸಾಲಕ್ಕೆ ತನ್ನ ಚೆಕ್ಕು ಕೊಟ್ಟು ಸಿಕ್ಕಿಬಿದ್ದವನು ತಂಗಿಯ ಮದುವೆಗೆ ‘ರಜೆ ಸಿಗಲಿಲ್ಲ’ ಎನ್ನುತ್ತಾನೆ. ಊರು ಆ ಮಾತನ್ನು ನಂಬುವುದಿಲ್ಲ. ಅವನಿಗೆ ಅಲ್ಲೊಂದು ಸಂಸಾರವಿದೆ ಎಂದು ಮೀನು ಮಾರುಕಟ್ಟೆಯಲ್ಲಿ ತೀರ್ಮಾನವಾಗುತ್ತದೆ. ಹೆಂಡತಿ ಆ ಮಾತನ್ನು ಕೇಳಿಸಿಕೊಳ್ಳುತ್ತಾಳೆ. ಇಲ್ಲಿ ಕೊಲೆ ಬೇಕಿಲ್ಲ, ಕಳ್ಳಸಾಗಣೆದಾರರ ತಂಡವೂ ಬೇಕಿಲ್ಲ.

ಪೊಟ್ಟಣದ ಕಥೆ ಇನ್ನೂ ಹತ್ತಿರದ್ದು. ಊರಿನಿಂದ ಹೊರಡುವವರ ಹಿಂದಿನ ರಾತ್ರಿ ಗಲ್ಫಿನ ಎಲ್ಲ ಮನೆಗಳಲ್ಲೂ ಒಂದೇ ಬಗೆಯದು: ತೂಕದ ಯಂತ್ರದ ಮೇಲೆ ಪೆಟ್ಟಿಗೆ ಏರುತ್ತದೆ, ಇಳಿಯುತ್ತದೆ, ಮಿಡಿ ಉಪ್ಪಿನಕಾಯಿಯ ಬಾಟಲಿಗೆ ಮೂರು ಸುತ್ತು ಪ್ಲಾಸ್ಟಿಕ್ ಬೀಳುತ್ತದೆ, ಅಷ್ಟರಲ್ಲಿ ಪರಿಚಯದವರ ಪರಿಚಯದವರು ಬಂದು, ‘ನಮ್ಮ ಹುಡುಗನಿಗೆ, ಅರ್ಧ ಕೆಜಿಯೂ ಇಲ್ಲ’ ಎಂದು ಹೊಲಿದು ಮುಚ್ಚಿದ ಗಂಟೊಂದನ್ನು ಕೈಗಿಡುತ್ತಾರೆ. ಬೇಡ ಎನ್ನಲು ದಾಕ್ಷಿಣ್ಯ. ಭಾರತದಲ್ಲಿ ವೈದ್ಯರ ಚೀಟಿಯ ಮೇಲೆ ಸಿಗುವ ಟ್ರಮಡಾಲ್, ಕೋಡೀನ್‌ನಂಥ ನೋವಿನ ಔಷಧಗಳು ಕತಾರಿನಲ್ಲಿ ನಿರ್ಬಂಧಿತ ಪಟ್ಟಿಯಲ್ಲಿವೆ; ಬೇರೆಯವರ ಪೊಟ್ಟಣ ಒಯ್ಯಬೇಡಿರೆಂದು ಭಾರತೀಯ ರಾಯಭಾರ ಕಚೇರಿ ಎಚ್ಚರಿಸುತ್ತ ಬಂದಿದೆ. 2019ರಲ್ಲಿ ಮುಂಬೈಯ ದಂಪತಿಯೊಂದು ವಿಹಾರಕ್ಕೆಂದು ದೋಹಾಕ್ಕೆ ಹೋದಾಗ, ಸಂಬಂಧಿಕರು ಕೊಟ್ಟ ಪೊಟ್ಟಣದಲ್ಲಿ ಮಾದಕ ವಸ್ತು ಸಿಕ್ಕಿ, ಹತ್ತು ವರ್ಷಗಳ ಶಿಕ್ಷೆಗೆ ಗುರಿಯಾಗಿ, ಕೊನೆಗೆ 2021ರಲ್ಲಿ ನಿರ್ದೋಷಿಗಳೆಂದು ಸಾಬೀತಾಗಿ ಮರಳಿತು. ಪ್ರೀತಿಯ ಗುರುತೂ ಅಪಾಯವೂ ಒಂದೇ ಗಂಟಿನಲ್ಲಿ ಬರುವ ಇಂಥ ಸನ್ನಿವೇಶವನ್ನು ಯಾವ ಕಲ್ಪಕನೂ ಹೊರಗಿನಿಂದ ತರಬೇಕಿಲ್ಲ. ತೇಜಸ್ವಿಯವರ ಏಲಕ್ಕಿ ಕೆಸರೂರಿನಲ್ಲಿ ಮಾಡುವ ಕೆಲಸವನ್ನು ಗಲ್ಫಿನ ಕಥೆಯಲ್ಲಿ ಕಾಗದ ಮತ್ತು ಪೊಟ್ಟಣ ಮಾಡುತ್ತವೆ.

ಕಾಗದಗಳ ವಿಷಯದಲ್ಲಿ ಇಸವಿಯ ಎಚ್ಚರ ಅಗತ್ಯ. ನೌಕರನ ಪ್ರವೇಶ, ವಾಸ, ನಿರ್ಗಮನಗಳನ್ನೆಲ್ಲ ಉದ್ಯೋಗದಾತನ ಹೊಣೆಗೆ ಒಪ್ಪಿಸಿದ ಕಫಾಲಾ ವ್ಯವಸ್ಥೆಯಲ್ಲಿ ಕತಾರಿನಿಂದ ಹೊರಡಲು ಅವನ ಅನುಮತಿಪತ್ರ ಬೇಕಿತ್ತು. 2018ರಲ್ಲಿ ಬಹುಪಾಲು ಕಾರ್ಮಿಕರಿಗೂ 2020ರ ಜನವರಿಯಲ್ಲಿ ಮನೆಗೆಲಸದವರಿಗೂ ಈ ಕಟ್ಟು ತೆಗೆಯಲಾಯಿತು, ಕೆಲಸ ಬದಲಿಸಲು ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರ ಬೇಕೆಂಬ ನಿಯಮವೂ 2020ರಲ್ಲಿಯೇ ಹೋಯಿತು. 2015ರಲ್ಲಿ ನಡೆಯುವ ಪುಸ್ತಕದಲ್ಲಿ ತಾಯಿಯ ಸಾವಿಗೆ ಹೊರಡಲಾಗದ ಮಗನ ಕಾತರ ಸಹಜವಾದರೆ, 2023ರ ಪುಸ್ತಕದಲ್ಲಿ ಅದೇ ಅಡ್ಡಿಯನ್ನು ಅದೇ ರೂಪದಲ್ಲಿ ಇಟ್ಟರೆ ಕಥೆ ಸುಳ್ಳಾಗುತ್ತದೆ. ದೊಡ್ಡ ಘಟನೆಗಳೂ ಹೀಗೆಯೇ ದಿನಾಂಕ ಹೊತ್ತು ಬರುತ್ತವೆ: 2017ರ ಜೂನ್ 5ರಂದು ನೆರೆಯ ದೇಶಗಳು ಕತಾರಿನ ಸಂಪರ್ಕ ಕಡಿದಾಗ ದುಬೈಯಲ್ಲಿದ್ದ ಅಣ್ಣ, ದೋಹಾದಲ್ಲಿದ್ದ ತಂಗಿ ಒಂದು ಗಂಟೆಯ ಹಾರಾಟಕ್ಕೆ ಬದಲಾಗಿ ಮಸ್ಕತ್ತನ್ನೋ ಕುವೈತನ್ನೋ ಸುತ್ತಬೇಕಾಯಿತು; 2020ರ ಮಾರ್ಚಿನಲ್ಲಿ ವಿಮಾನಗಳು ನಿಂತವು. ಊರು ನೆನಪಿಡದಿದ್ದರೆ ಪಂಚಾಂಗವಾದರೂ ನೆನಪಿಡಬೇಕು, ಮಾಲಿಕೆಯ ಪುಸ್ತಕಗಳನ್ನು ಇಂಥ ವರ್ಷಗಳ ಮೇಲೆ ನಿಲ್ಲಿಸಿದರೆ ಸ್ಥಳಕ್ಕಿಲ್ಲದ ನಿರಂತರತೆ ಸ್ವಲ್ಪ ಮಟ್ಟಿಗೆ ಕಾಲದಿಂದ ದೊರೆಯುತ್ತದೆ.

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಬೆನ್ಯಾಮಿನ್ ಅವರ 2008ರ ಮಲಯಾಳಂ ಕಾದಂಬರಿ ‘ಆಡುಜೀವಿತಂ’ ಸೌದಿ ಮರುಭೂಮಿಯ ನರಕವನ್ನು ತೋರಿಸಿದ ಮೇಲೆ, ಗಲ್ಫನ್ನು ಸುಖಾಂತ್ಯದ ಪ್ರೇಮಕಥೆಗೆ ಹಿನ್ನೆಲೆಯಾಗಿಸುವುದು ಕಾರ್ಮಿಕರ ಸಂಕಟಕ್ಕೆ ಒಗ್ಗರಣೆ ಹಾಕಿದಂತಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಕ್ಯಾಂಪಿನಲ್ಲಿ ಸತ್ತ ಕಾರ್ಮಿಕನನ್ನು ನಾಯಕ ನಾಯಕಿಯರು ಹತ್ತಿರವಾಗಲು ನೆಪವಾಗಿ ಬಳಸುವ ಕಥೆ ಕ್ಷಮೆಗೆ ಅರ್ಹವಲ್ಲ. ಆದರೆ ಗಲ್ಫಿನಲ್ಲಿರುವವರೆಲ್ಲರೂ ಒಂದೇ ಕಥೆಯವರೆಂದು ಹಟ ಹಿಡಿಯುವುದು ಕೂಡ ಅವರನ್ನು ಕಿರಿದುಗೊಳಿಸುತ್ತದೆ. ಕಷ್ಟದ ನಡುವೆ ಪ್ರೀತಿಸಿದವರು, ಹೊಂದಿಕೊಂಡವರು, ಒಳ್ಳೆಯ ಬಾಳು ಕಟ್ಟಿಕೊಂಡವರು ಸಾವಿರಾರು. ಪ್ರಾಮಾಣಿಕತೆಯ ಪರೀಕ್ಷೆ ನಡೆಯುವುದು ಬೇರೆ ಕಡೆ. ಮೊದಲ ಪುಸ್ತಕದಲ್ಲಿ ಎಂಜಿನಿಯರನ ಮನೆಯ ಕಾರು ತೊಳೆಯುವವನು, ಮಗು ನೋಡಿಕೊಳ್ಳುವವಳು, ಟ್ಯಾಕ್ಸಿಯವನು ಹೆಸರಿಲ್ಲದೆ ಓಡಾಡುತ್ತಾರೆ. ನಾಲ್ಕನೆಯ ಪುಸ್ತಕ ಅವರಲ್ಲಿ ಒಬ್ಬರದಾಗುತ್ತದೆಯೇ? ಪಕ್ಕದ ಪಾತ್ರವನ್ನು ಮುಂದಿನ ಪುಸ್ತಕದ ನಾಯಕನಾಗಿಸುವುದು ಈ ಪ್ರಕಾರದ ಹುಟ್ಟುಗುಣ. ಆ ಗುಣವನ್ನು ಸಂಬಳದ ಮೆಟ್ಟಿಲಿನ ಕೆಳಗೂ ಇಳಿಸುವ ಧೈರ್ಯವಿರುವ ಲೇಖಕರಿಗೆ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ, ಇಲ್ಲದವರಿಗೆ ಸಿಗುವುದಿಲ್ಲ.

ಟೌನ್‌ಶಿಪ್ ಕಲ್ಪಿತವಾಗಿರಬೇಕೇ ನಿಜವಾದದ್ದೇ ಎಂಬುದರಲ್ಲಿ ಹೆಚ್ಚು ಚರ್ಚೆಗೆ ಅವಕಾಶವಿಲ್ಲ. ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿ, ತೇಜಸ್ವಿಯವರ ಕೆಸರೂರು ಕಲ್ಪಿತ ಹೆಸರುಗಳಾದರೂ ಓದುಗರಿಗೆ ಪಕ್ಕದ ಊರಿನಷ್ಟು ಪರಿಚಿತವಾದವು. ಕೆಲವೇ ಕನ್ನಡ ಕುಟುಂಬಗಳಿರುವ ನಿಜವಾದ ವಸಾಹತಿನ ಹೆಸರು ಹಾಕಿದರೆ ಮೂರನೆಯ ಬ್ಲಾಕಿನ ನರ್ಸ್ ಯಾರೆಂದು ಒಂದೇ ವಾರದಲ್ಲಿ ಪತ್ತೆಯಾಗುತ್ತದೆ, ಆಕೆಗೆ ಅಲ್ಲಿ ಆಗಬಹುದಾದ ತೊಂದರೆ ಊರಿನ ಮುಜುಗರಕ್ಕಿಂತ ದೊಡ್ಡದು. ಮಾತಿನ ಬಗೆ ಮಾತ್ರ ನಿಜವಾದದ್ದಾಗಿರಬೇಕು: ಮನೆಯೊಳಗೆ ಕುಂದಗನ್ನಡವೋ ತುಳುವೋ ಬ್ಯಾರಿಯೋ, ಗ್ರಾಸರಿಯಲ್ಲಿ ಮಲಯಾಳಂ, ಟ್ಯಾಕ್ಸಿಯಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್, ಸರಕಾರಿ ಕೌಂಟರಿನಲ್ಲಿ ನಾಲ್ಕೇ ನಾಲ್ಕು ಅರಬ್ಬಿ ಮಾತು. ಎಲ್ಲರ ಬಾಯಲ್ಲೂ ಒಂದೇ ಗ್ರಂಥಸ್ಥ ಕನ್ನಡವನ್ನಿಟ್ಟರೆ ಯಾರು ಯಾರಿಂದ ಏನನ್ನು ಮುಚ್ಚಿಡಬಲ್ಲರೆಂಬುದೇ ಅಳಿಸಿಹೋಗುತ್ತದೆ. ಅತ್ತೆಯ ಎದುರು ಫೋನಿನಲ್ಲಿ ಥಟ್ಟನೆ ಹಿಂದಿಗೆ ಹೊರಳುವ ಗಂಡ ಸಂಶಯದ ಮೊದಲ ಬೀಜವನ್ನು ತಾನೇ ಬಿತ್ತುತ್ತಾನೆ.

ಕೊನೆಯ ಪುಸ್ತಕದ ವಿಚಾರದಲ್ಲಿ ಅಮೆರಿಕದ ಮಾದರಿಗೂ ಇದಕ್ಕೂ ಮತ್ತೊಂದು ವ್ಯತ್ಯಾಸವಿದೆ. ಸೀಡರ್ ಕೋವ್‌ನಂಥ ಊರನ್ನು ಲೇಖಕಿ ಬೇಕೆಂದಷ್ಟು ಕಾಲ ನಡೆಸಬಹುದು, ಅಲ್ಲಿನವರಿಗೆ ಹೊರಡಬೇಕಾದ ದಿನವೊಂದು ನಿಗದಿಯಾಗಿಲ್ಲ. ಗಲ್ಫಿನ ಮಾಲಿಕೆಗೆ ಕೊನೆ ಮೊದಲೇ ಗೊತ್ತಿದೆ: ಗುತ್ತಿಗೆ ಮುಗಿಯುತ್ತದೆ, ವೀಸಾ ರದ್ದಾಗುತ್ತದೆ, ಮೊದಲ ಪುಸ್ತಕದ ದಂಪತಿ ಮಂಗಳೂರಿನಲ್ಲಿ ಇಳಿದು ಊರಿಗೆ ಹೋಗುತ್ತಾರೆ. ಅಲ್ಲಿ ಅವರು ಕಟ್ಟಿಸಿದ ಮನೆಯ ಬೀಗದಕೈ ಯಾರ ಬಳಿ ಇತ್ತು, ಕಳಿಸಿದ ಹಣ ಯಾವ ಜಾಗಕ್ಕೆ ಯಾರ ಹೆಸರಿನಲ್ಲಿ ಹೋಗಿತ್ತು, ಇವರ ಬಗ್ಗೆ ಇಷ್ಟು ವರ್ಷ ಏನೇನು ಮಾತಾಡಿಕೊಂಡಿದ್ದರು ಎಂಬುದೆಲ್ಲ ನೆನಪಿರುವುದು ಊರಿಗೆ ಮಾತ್ರ. ಹತ್ತಾರು ವರ್ಷ ಹೊರಗಿದ್ದು ಮರಳಿದ ಜೋಡಿಯೇ ಆ ಪುಸ್ತಕದಲ್ಲಿ ಊರಿಗೆ ಬಂದ ಅಪರಿಚಿತರಾಗುತ್ತಾರೆ, ಮತ್ತು ಪ್ರಶ್ನೆ ಕೇಳುವ ಸರದಿ ಈಗ ಊರಿನದ್ದು.